ಪ್ರಾಂಪ್ಟಿನಲ್ಲಿ ಹೊಡೆದು ನೋಡಿದ್ದನ್ನು ಬಿಸಾಡಬೇಡಿ
ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ಲಿಸ್ಪ್ ಮತ್ತು ರಾಕೆಟ್

ಈ ಸಲ ಮೈಸೂರು, ಮಂಡ್ಯ ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಲಿಸ್ಪ್ ಕುಟುಂಬದ ಪ್ರೋಗ್ರಾಮಿಂಗ್ ಭಾಷೆಗಳ (ರಾಕೆಟ್, ಕಾಮನ್ ಲಿಸ್ಪ್) ಬಗ್ಗೆಯೇ ಜಾಸ್ತಿ. ನಾಲ್ಕನ್ನು ಆರಿಸಿದ್ದೇನೆ. ಕೋಡನ್ನು ಕನ್ನಡ ಅಕ್ಷರದಲ್ಲೇ ಕೊಟ್ಟಿದ್ದೇನೆ. ಡಿಫೈನ್, ಇಫ್ ಥರದ ಪದಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರದಲ್ಲೇ ಹೊಡೆಯಬೇಕು. ನೀವಾಗಿ ಇಟ್ಟ ಹೆಸರುಗಳು ಕನ್ನಡದಲ್ಲಿದ್ದರೆ ರಾಕೆಟ್ ತಕರಾರು ಮಾಡುವುದಿಲ್ಲ.

ಪ್ರಶ್ನೆ: ಸರ್, ನಾನು ಬಿ.ಇ. ಮೂರನೇ ವರ್ಷ. ಅಪ್ಪ ಕಾರ್ಖಾನೆಗೆ ಕಬ್ಬು ಹೊಡೀತಾರೆ. ದಿನದ ಲೋಡುಗಳ ತೂಕ ಕೊಟ್ಟರೆ ಒಟ್ಟು ಎಷ್ಟು ಟನ್ ಅಂತ ಹೇಳುವ ಫಂಕ್ಷನ್ ರಾಕೆಟ್‌ನಲ್ಲಿ ಬರೆದೆ. ಅದನ್ನೇ ಏಳು ದಿನಕ್ಕೂ ಕರೆದು ವಾರದ ಲೆಕ್ಕ ಹಾಕ್ತೀನಿ. ಕೆಲವು ವಾರ ಸರಿಯಾಗಿ ಬರುತ್ತೆ, ಕೆಲವು ವಾರ ‘ರೆಸ್ಟ್’ ಅಂತ ಎರರ್. ಆ ಸಾಲಲ್ಲಿ ಏನು ತಪ್ಪಿದೆ ಅಂತ ಗೊತ್ತಾಗ್ತಿಲ್ಲ. ಕೋಡ್ ಕಳಿಸಿದ್ದೀನಿ. (ಮದ್ದೂರು ತಾಲ್ಲೂಕಿನ ವಿದ್ಯಾರ್ಥಿನಿ)

```
(ಡಿಫೈನ್ (ಒಟ್ಟು-ತೂಕ ಲೋಡು)
  (ಇಫ್ (ಎಂಪ್ಟಿ? (ರೆಸ್ಟ್ ಲೋಡು))
      (ಫಸ್ಟ್ ಲೋಡು)
      (+ (ಫಸ್ಟ್ ಲೋಡು) (ಒಟ್ಟು-ತೂಕ (ರೆಸ್ಟ್ ಲೋಡು)))))
```

ಉತ್ತರ: ಆ ಸಾಲನ್ನು ದಿಟ್ಟಿಸಿ ನೋಡುವುದನ್ನು ಮೊದಲು ಬಿಡಿ. ವಾರದ ಲೆಕ್ಕವನ್ನೂ ಪಕ್ಕಕ್ಕಿಡಿ. ಲಿಸ್ಪ್‌ನಲ್ಲಿ ಇರುವ ದೊಡ್ಡ ಅನುಕೂಲವೇ ಇದು: ಇಡೀ ಪ್ರೋಗ್ರಾಂ ಓಡಿಸದೆ ಒಂದೇ ಒಂದು ಫಂಕ್ಷನ್ನನ್ನು ಪ್ರಾಂಪ್ಟಿಗೆ (ಒಂದು ಸಾಲು ಹೊಡೆದರೆ ಕೂಡಲೇ ಉತ್ತರ ಕೊಡುವ ಕಿಟಕಿ) ಕರೆದು ಮಾತಾಡಿಸಬಹುದು. ಮೂರು ಲೋಡಿನ ಪಟ್ಟಿ ಕೊಡಿ, ಉತ್ತರ ಬರುತ್ತದೆ. ಒಂದೇ ಲೋಡಿನ ಪಟ್ಟಿ ಕೊಡಿ, ಆಗಲೂ ಬರುತ್ತದೆ. ಈಗ ಖಾಲಿ ಪಟ್ಟಿ ಕೊಡಿ:

```
> (ಒಟ್ಟು-ತೂಕ '())
```

ಇಲ್ಲಿ ಸಿಕ್ಕಿಬಿತ್ತು. ಎರರ್ ಸಂದೇಶವನ್ನು ನಿಧಾನವಾಗಿ ಓದಿದರೆ ಅದರಲ್ಲೇ ಎಲ್ಲಾ ಇದೆ: ರೆಸ್ಟ್‌ಗೆ (ಮೊದಲನೆಯದನ್ನು ಬಿಟ್ಟು ಉಳಿದ ಪಟ್ಟಿ ಕೊಡುವ ಫಂಕ್ಷನ್) ಖಾಲಿಯಲ್ಲದ ಪಟ್ಟಿ ಬೇಕಿತ್ತು, ಸಿಕ್ಕಿದ್ದು ಖಾಲಿ ಪಟ್ಟಿ. ಮಳೆ ಬಂದೋ, ಕಟಾವಿನ ಆಳು ಸಿಗದೆಯೋ ಒಂದು ದಿನ ಲೋಡೇ ಹೋಗಿರುವುದಿಲ್ಲ, ಅಲ್ವಾ? ಆ ದಿನದ ಪಟ್ಟಿ ಖಾಲಿ. ನಿಮ್ಮ ಫಂಕ್ಷನ್ ಒಳಗೆ ಬಂದ ಕೂಡಲೇ ಏನನ್ನೂ ವಿಚಾರಿಸದೆ ರೆಸ್ಟ್ ಕೇಳುತ್ತದೆ, ಬೀಳುತ್ತದೆ. ಎಲ್ಲಾ ದಿನವೂ ಲೋಡು ಹೋದ ವಾರದಲ್ಲಿ ಲೆಕ್ಕ ಸರಿ ಬಂದಿದ್ದು ಅದಕ್ಕೇ. ಎರರ್ ತೋರಿಸುವ ಸಾಲು ಪ್ರೋಗ್ರಾಂ ಬಿದ್ದ ಜಾಗ. ಎಡವಿದ ಜಾಗ ಸಾಮಾನ್ಯವಾಗಿ ಅದಕ್ಕಿಂತ ಮುಂಚೆ ಇರುತ್ತದೆ. ನಿಮ್ಮಲ್ಲಿ ಅದು ‘ಒಂದೇ ಉಳಿದಾಗ ನಿಲ್ಲು’ ಎಂದು ನೀವು ಹಾಕಿಕೊಂಡ ಷರತ್ತು. ‘ಏನೂ ಉಳಿಯದಿದ್ದಾಗ ನಿಲ್ಲು’ ಎಂದಿರಬೇಕಿತ್ತು.

ಖಾಲಿ ಪಟ್ಟಿಯ ಒಟ್ಟು 0 ಎನ್ನಲು ಹಿಂಜರಿಯಬೇಡಿ. ಪ್ರಾಂಪ್ಟಿನಲ್ಲಿ ಸುಮ್ನೆ (+) ಅಂತಷ್ಟೇ ಹೊಡೆದು ನೋಡಿ, 0 ಬರುತ್ತದೆ. (*) ಹೊಡೆದರೆ 1. ಏನನ್ನೂ ಕೂಡದಿದ್ದರೆ ಎಷ್ಟು ಎಂಬ ಪ್ರಶ್ನೆಗೆ ಭಾಷೆಯೇ ಉತ್ತರ ಇಟ್ಟುಕೊಂಡಿದೆ. ಹಾಗಾಗಿ:

```
(ಡಿಫೈನ್ (ಒಟ್ಟು-ತೂಕ ಲೋಡು)
  (ಇಫ್ (ಎಂಪ್ಟಿ? ಲೋಡು)
      0
      (+ (ಫಸ್ಟ್ ಲೋಡು) (ಒಟ್ಟು-ತೂಕ (ರೆಸ್ಟ್ ಲೋಡು)))))
```

ಸರಿಯಾಯಿತೋ ಇಲ್ಲವೋ ಕಣ್ಣಾರೆ ನೋಡಬೇಕೆಂದರೆ ರಾಕೆಟ್‌ನ ಟ್ರೇಸ್ ಲೈಬ್ರರಿಯನ್ನು ರಿಕ್ವೈರ್ ಮಾಡಿ, ಫಂಕ್ಷನ್ನಿಗೆ ಟ್ರೇಸ್ ಹಾಕಿ, ಮತ್ತೆ ಕರೆಯಿರಿ. ಹೀಗೆ ಬರುತ್ತದೆ:

```
>(ಒಟ್ಟು-ತೂಕ '(12 14 9))
> (ಒಟ್ಟು-ತೂಕ '(14 9))
> >(ಒಟ್ಟು-ತೂಕ '(9))
> > (ಒಟ್ಟು-ತೂಕ '())
< < 0
< <9
< 23
<35
```

ಬಲಕ್ಕೆ ತಿರುಗಿದ ಬಾಣ ಇರುವ ಸಾಲು ಒಳಗೆ ಹೋದದ್ದು, ಎಡಕ್ಕೆ ತಿರುಗಿದ ಬಾಣ ಇರುವುದು ಉತ್ತರ ಹೊತ್ತು ಹೊರಗೆ ಬಂದದ್ದು. ಪಟ್ಟಿ ಒಂದೊಂದೇ ಕರಗಿ ಖಾಲಿಯಾಗುತ್ತದೆ. ಆಮೇಲೆ 0, 9, 23, 35 ಅಂತ ಮೇಲೆ ಏರುತ್ತದೆ. ರಿಕರ್ಷನ್ (ಫಂಕ್ಷನ್ ತನ್ನನ್ನೇ ತಾನು ಕರೆಯುವುದು) ತಲೆಗೆ ಹತ್ತುತ್ತಿಲ್ಲ ಎನ್ನುವವರಿಗೆ ಗಂಟೆಗಟ್ಟಲೆ ಪಾಠ ಮಾಡುವ ಬದಲು ಈ ಎಂಟು ಸಾಲು ತೋರಿಸಿದರೆ ಸಾಕು ಅಂತ ನನಗನ್ನಿಸುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪ್ರಾಂಪ್ಟಿನಲ್ಲಿ ಮೂರು ಸಲ ಕರೆದು ನೋಡಿದಿರಲ್ಲ, ಅವು ಮೂರೂ ಟೆಸ್ಟ್‌ಗಳೇ. ಕಿಟಕಿ ಮುಚ್ಚಿದರೆ ಹೋಗಿಬಿಡುತ್ತವೆ. ಎತ್ತಿ ಫೈಲಿನ ಕೊನೆಗೆ ಇಡಿ (ರಾಕ್‌ಯೂನಿಟ್ ಅಂದರೆ ರಾಕೆಟ್‌ನ ಟೆಸ್ಟ್ ಲೈಬ್ರರಿ):

```
(ಮಾಡ್ಯೂಲ್+ ಟೆಸ್ಟ್
  (ರಿಕ್ವೈರ್ ರಾಕ್‌ಯೂನಿಟ್)
  (ಚೆಕ್-ಈಕ್ವಲ್? (ಒಟ್ಟು-ತೂಕ '()) 0)
  (ಚೆಕ್-ಈಕ್ವಲ್? (ಒಟ್ಟು-ತೂಕ '(9)) 9)
  (ಚೆಕ್-ಈಕ್ವಲ್? (ಒಟ್ಟು-ತೂಕ '(12 14 9)) 35))
```

ರಾಕೆಟ್‌ನ ಎಡಿಟರ್ ಆದ ಡಾಕ್ಟರ್‌ರಾಕೆಟ್‌ನಲ್ಲಿ ರನ್ ಒತ್ತಿದರೆ ಇವೂ ಓಡುತ್ತವೆ. ಟರ್ಮಿನಲ್ಲಿನಲ್ಲಾದರೆ ‘ರಾಕೋ ಟೆಸ್ಟ್’ ಎಂದು ಹೊಡೆದು ಫೈಲಿನ ಹೆಸರು ಕೊಡಿ. ಮೊದಲು ಫಂಕ್ಷನ್ ಕೊಟ್ಟ ಉತ್ತರ, ಆಮೇಲೆ ಬರಬೇಕಾದ ಉತ್ತರ, ಈ ಕ್ರಮ ತಪ್ಪಿಸಬೇಡಿ. ಅದಲುಬದಲಾದರೂ ಟೆಸ್ಟ್ ಕೆಲಸ ಮಾಡುತ್ತದೆ, ಆದರೆ ಫೇಲ್ ಆದ ದಿನ ವರದಿಯಲ್ಲಿ ಬಂದದ್ದು ಯಾವುದು, ಬರಬೇಕಾದದ್ದು ಯಾವುದು ಎಂದು ಉಲ್ಟಾ ಓದಿ ತಲೆ ಕೆಡಿಸಿಕೊಳ್ಳುತ್ತೀರಿ. ಇನ್ನು ಮುಂದೆ ದೋಷ ಕಂಡಾಗ ಕೋಡ್ ಮುಟ್ಟುವ ಮೊದಲೇ ಆ ದೋಷಕ್ಕೆ ಒಂದು ಟೆಸ್ಟ್ ಬರೆಯಿರಿ. ಅದು ಫೇಲ್ ಆಗುವುದನ್ನು ನೋಡಿ, ಆಮೇಲೆ ಸರಿಪಡಿಸಿ. ಫೇಲ್ ಆಗುವುದನ್ನು ನೀವು ನೋಡಿಯೇ ಇಲ್ಲದ ಟೆಸ್ಟ್ ನಿಜವಾಗಿ ಏನನ್ನಾದರೂ ಪರೀಕ್ಷಿಸುತ್ತಿದೆ ಅಂತ ಹೇಗೆ ನಂಬುವುದು?

ಅಂದಹಾಗೆ ಹಳೆಯ ಪುಸ್ತಕಗಳಲ್ಲಿ ಫಸ್ಟ್, ರೆಸ್ಟ್ ಬದಲು ಕಾರ್, ಕುಡರ್ ಅಂತ ಇರುತ್ತದೆ. ಜಾನ್ ಮೆಕಾರ್ಥಿ 1958ರಲ್ಲಿ ಎಂಐಟಿಯಲ್ಲಿ ಲಿಸ್ಪ್ ಶುರು ಮಾಡಿದಾಗ ಇದ್ದ ಐಬಿಎಂ 704 ಯಂತ್ರದ ರಿಜಿಸ್ಟರ್ ಭಾಗಗಳಿಂದ ಬಂದ ಹೆಸರುಗಳು ಅವು. ಯಂತ್ರ ಹೋಯಿತು, ಹೆಸರು ಉಳಿಯಿತು.

ಪ್ರಶ್ನೆ: ಟ್ರೇಸ್ ಗೀಸ್ ಎಲ್ಲಾ ನನಗೆ ಆಗಲ್ಲ. ಮಧ್ಯೆ ಮಧ್ಯೆ ಡಿಸ್‌ಪ್ಲೇ ಹಾಕಿ ನೋಡ್ತೀನಿ. ನಮ್ಮ ಲೆಕ್ಚರರ್ ಬೈತಾರೆ. ತಪ್ಪಾ ಸರ್? (ಚಾಮುಂಡಿಪುರಂ, ಮೈಸೂರು)

ಉತ್ತರ: ತಪ್ಪೇನಿಲ್ಲ, ಎಲ್ಲರೂ ಮಾಡುತ್ತಾರೆ. ಆದರೆ ಡಿಸ್‌ಪ್ಲೇ ಬೇಡ, ಪ್ರಿಂಟ್‌ಎಲ್‌ಎನ್ ಹಾಕಿ. ಫೈಲಿನಿಂದ ಓದಿದ "12" ಎಂಬ ಸ್ಟ್ರಿಂಗನ್ನೂ 12 ಎಂಬ ಸಂಖ್ಯೆಯನ್ನೂ ಡಿಸ್‌ಪ್ಲೇ ಒಂದೇ ಥರ ತೋರಿಸುತ್ತದೆ. ಪ್ರಿಂಟ್‌ಎಲ್‌ಎನ್ ಸ್ಟ್ರಿಂಗಿಗೆ ಉದ್ಧರಣ ಚಿಹ್ನೆ ಹಾಕಿಯೇ ತೋರಿಸುತ್ತದೆ, ಕಳ್ಳ ಅಲ್ಲೇ ಸಿಕ್ಕಿಬೀಳುತ್ತಾನೆ.

ಇನ್ನೊಂದು ಎಚ್ಚರಿಕೆ. ಲಿಸ್ಪ್‌ನಲ್ಲಿ ಫಂಕ್ಷನ್ನಿನ ಕೊನೆಯ ಎಕ್ಸ್‌ಪ್ರೆಶನ್ ಕೊಡುವ ಬೆಲೆಯೇ ಫಂಕ್ಷನ್ನಿನ ಉತ್ತರ. ನೋಡೋಣ ಅಂತ ಕೊನೆಯಲ್ಲಿ ಪ್ರಿಂಟ್‌ಎಲ್‌ಎನ್ ಹಾಕಿದಿರೋ, ರಾಕೆಟ್‌ನಲ್ಲಿ ನಿಮ್ಮ ಉತ್ತರ ವಾಯ್ಡ್ ಆಗಿಬಿಡುತ್ತದೆ. ಪರದೆ ಮೇಲೆ ಸರಿಯಾದ ಸಂಖ್ಯೆ ಕಾಣುತ್ತಿರುತ್ತದೆ, ಕರೆದವನ ಕೈಗೆ ಮಾತ್ರ ಏನೂ ಬರುವುದಿಲ್ಲ. ಕಾಮನ್ ಲಿಸ್ಪ್‌ನ ಪ್ರಿಂಟ್ ಹಾಗಲ್ಲ, ಅಚ್ಚು ಹಾಕಿದ ಬೆಲೆಯನ್ನೇ ವಾಪಸ್ ಕೊಡುತ್ತದೆ. ಅಲ್ಲಿ ಯಾವ ಎಕ್ಸ್‌ಪ್ರೆಶನ್ನಿಗೆ ಬೇಕಾದರೂ ಸುತ್ತಬಹುದು.

ಪ್ರಶ್ನೆ: ಡೇರಿಗೆ ಹಾಕುವ ಹಾಲಿನ ಲೆಕ್ಕಕ್ಕೆ ರಾಕೆಟ್‌ನಲ್ಲಿ ಒಂದು ಫಂಕ್ಷನ್ ಮಾಡಿದ್ದೇನೆ. 1.1 ಲೀಟರ್ ಮೂರು ಹೊತ್ತು ಹಾಕಿದರೆ 3.3 ಬರಬೇಕು. ಟೆಸ್ಟ್ ಫೇಲ್ ಅನ್ನುತ್ತೆ. ಕಂಪ್ಯೂಟರಿಗೆ ಗುಣಾಕಾರ ಬರಲ್ವಾ? (ಪಾಂಡವಪುರ)

ಉತ್ತರ: ಬರುತ್ತದೆ, ಆದರೆ 1.1 ಅದರ ಹತ್ತಿರ ಇಲ್ಲ. ದಶಮಾಂಶದಲ್ಲಿ ಮೂರನೇ ಒಂದು ಭಾಗವನ್ನು ಪೂರ್ತಿ ಬರೆಯಲು ಆಗುವುದಿಲ್ಲ. ಹಾಗೆಯೇ ಎರಡರ ಲೆಕ್ಕದಲ್ಲಿ 1.1 ಪೂರ್ತಿ ಕೂರುವುದಿಲ್ಲ. ಹತ್ತಿರದ ಒಂದು ಸಂಖ್ಯೆ ಇಟ್ಟುಕೊಂಡು ಕಂಪ್ಯೂಟರ್ ಕೆಲಸ ಸಾಗಿಸುತ್ತದೆ. ಪ್ರಾಂಪ್ಟಿನಲ್ಲಿ (* 3 1.1) ಹೊಡೆಯಿರಿ, 3.3000000000000003 ಬರುತ್ತದೆ. ಚೆಕ್-ಈಕ್ವಲ್? ಎಳ್ಳಷ್ಟು ವ್ಯತ್ಯಾಸವನ್ನೂ ಬಿಡುವುದಿಲ್ಲ. 2 ಮತ್ತು 2.0 ಕೊಟ್ಟರೂ ಬೇರೆ ಬೇರೆ ಎನ್ನುತ್ತದೆ. ಒಂದು ಪೂರ್ಣಾಂಕ, ಇನ್ನೊಂದು ಫ್ಲೋಟ್ (ಕಂಪ್ಯೂಟರ್ ಹೀಗೆ ಹತ್ತಿರದ ಬೆಲೆಯಾಗಿ ಇಡುವ ದಶಮಾಂಶ ಸಂಖ್ಯೆ), ಅದಕ್ಕೆ.

ಇಂಥ ಕಡೆ ಚೆಕ್-= ಬಳಸಿ. ಅದು ಮೂರನೆಯದಾಗಿ ಎಷ್ಟು ವ್ಯತ್ಯಾಸ ನಡೆಯುತ್ತದೆ ಎಂದು ಕೇಳುತ್ತದೆ, 0.001 ಕೊಡಿ. ಆದರೆ ಹಾಲಿಗೆ, ದುಡ್ಡಿಗೆ ನನ್ನ ಸಲಹೆ ಬೇರೆ: ಫ್ಲೋಟ್ ಸಹವಾಸವೇ ಬೇಡ. ಮಿಲಿಲೀಟರ್‌ನಲ್ಲಿ, ಪೈಸೆಯಲ್ಲಿ ಪೂರ್ಣಾಂಕ ಇಟ್ಟುಕೊಳ್ಳಿ. ಅಥವಾ 11/10 ಅಂತಲೇ ಬರೆಯಿರಿ, ರಾಕೆಟ್ ಭಿನ್ನರಾಶಿಯನ್ನು ಹಾಗೇ ಲೆಕ್ಕ ಹಾಕುತ್ತದೆ. (* 3 11/10) ಎಂದರೆ 33/10, ಒಂದು ಚೂರೂ ಆಚೀಚೆ ಇಲ್ಲ. ಇದು ಇರುವಾಗ ಬಿಟ್ಟು ಫ್ಲೋಟ್ ಹಿಡಿದುಕೊಂಡು ಒದ್ದಾಡುವುದು ಯಾಕೆ?

ರೌಂಡ್ ಬಳಸುತ್ತಿದ್ದರೆ ಅದಕ್ಕೂ ಒಂದು ಟೆಸ್ಟ್ ಇರಲಿ. (ರೌಂಡ್ 2.5) 3 ಅಲ್ಲ, 2.0. (ರೌಂಡ್ 3.5) ಮಾತ್ರ 4.0. ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುತ್ತದೆ. ಡೇರಿಯ ಪಾಸ್‌ಬುಕ್ಕಿನಲ್ಲಿ ಬೇರೆ ಥರ ಹಾಕಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ.

ಪ್ರಶ್ನೆ: ಕೆಲಸದಲ್ಲಿ ಕಾಮನ್ ಲಿಸ್ಪ್ ಬಳಸ್ತೀವಿ. ಕಂಪೈಲರ್ ಎಸ್‌ಬಿಸಿಎಲ್, ಎಡಿಟರ್ ಈಮ್ಯಾಕ್ಸ್, ಎರಡನ್ನೂ ಜೋಡಿಸೋಕೆ ಸ್ಲೈಮ್. ಎರಡು ಕಾಟ. ಒಂದು, ಪಟ್ಟಿಯನ್ನು ಸಾರ್ಟ್ ಮಾಡಿದ ಮೇಲೆ ಅದರಲ್ಲಿದ್ದ ಸಂಖ್ಯೆಗಳೇ ಮಾಯ. ಎರಡು, ನನ್ನ ಎಡಿಟರಿನಲ್ಲಿ ಎಲ್ಲಾ ಟೆಸ್ಟ್ ಪಾಸ್, ಸಹೋದ್ಯೋಗಿ ಲೋಡ್ ಮಾಡಿದರೆ ‘ಫಂಕ್ಷನ್ ಇಲ್ಲ’ ಅಂತ ಬರುತ್ತೆ. (ವಿಜಯನಗರ, ಮೈಸೂರು)

ಉತ್ತರ: ಮೊದಲನೆಯದು ಸುಲಭ. ಕಾಮನ್ ಲಿಸ್ಪ್‌ನ ಸಾರ್ಟ್ ಹೊಸ ಪಟ್ಟಿ ಮಾಡಿಕೊಡಬೇಕೆಂದಿಲ್ಲ. ನಿಮ್ಮ ಪಟ್ಟಿಯ ಕೊಂಡಿಗಳನ್ನೇ ಬಿಚ್ಚಿ ಬೇರೆ ಕ್ರಮದಲ್ಲಿ ಜೋಡಿಸಿಬಿಡಬಹುದು. ರೈಲು ಬೋಗಿಗಳನ್ನು ಶಂಟಿಂಗ್ ಮಾಡಿ ಬೇರೆ ಕ್ರಮಕ್ಕೆ ತಂದರು ಅನ್ನಿ. ನೀವು ಮೊದಲು ಹತ್ತಿದ ಬೋಗಿಯಲ್ಲೇ ಕೂತಿದ್ದೀರಿ, ಅದೀಗ ಕೊನೆಗೆ ಹೋಗಿದೆ. ನಿಮ್ಮ ಹಿಂದೆ ಏನೂ ಇಲ್ಲ. (3 1 2) ಎಂಬ ಪಟ್ಟಿಯನ್ನು ಸಾರ್ಟ್ ಮಾಡಿ, ಉತ್ತರವನ್ನು ಹಿಡಿದುಕೊಳ್ಳದೆ ಹಳೆಯ ವೇರಿಯಬಲ್ ನೋಡಿದರೆ (3) ಮಾತ್ರ ಕಾಣುವುದು ಇದಕ್ಕೇ.

```
(ಸಾರ್ಟ್ (ಕಾಪಿ-ಲಿಸ್ಟ್ ಅಂಕಗಳು) #'<)
```

ಹೀಗೆ ನಕಲು ಮಾಡಿ ಕೊಡಿ, ಬಂದ ಉತ್ತರವನ್ನು ಹಿಡಿದುಕೊಳ್ಳಿ. ಟೆಸ್ಟ್‌ನಲ್ಲಿ ಕೋಟ್ (') ಹಾಕಿದ ಪಟ್ಟಿಯನ್ನು ನೇರವಾಗಿ ಸಾರ್ಟ್‌ಗೆ ಕೊಡುವುದಂತೂ ಬೇಡವೇ ಬೇಡ. ಕೋಟ್ ಹಾಕಿದ್ದು ಕೋಡಿನ ಭಾಗ. ಅದನ್ನು ತಿದ್ದಿದರೆ ಏನಾಗಬೇಕೆಂದು 1994ರ ಆನ್ಸಿ ಸ್ಟ್ಯಾಂಡರ್ಡ್ ಹೇಳುವುದಿಲ್ಲ. ಮೊದಲ ಸಲ ಪಾಸ್ ಆದ ಟೆಸ್ಟ್ ಎರಡನೇ ಸಲ ಫೇಲ್ ಆಗಬಹುದು. ರಾಕೆಟ್‌ನ ಸಾರ್ಟ್‌ಗೆ ಈ ರೋಗವಿಲ್ಲ, ಅಲ್ಲಿಂದ ಬಂದವರೇ ಇಲ್ಲಿ ಜಾಸ್ತಿ ಮುಗ್ಗರಿಸುವುದು.

ಎರಡನೆಯದು ಲಿಸ್ಪ್‌ನ ಸುಖದಿಂದಲೇ ಬಂದ ಕಷ್ಟ. ಇಲ್ಲದ ಫಂಕ್ಷನ್ ಕರೆದಾಗ ಎಸ್‌ಬಿಸಿಎಲ್ ಸತ್ತು ಬೀಳುವುದಿಲ್ಲ. ಅಲ್ಲೇ ನಿಂತು ಡೀಬಗರ್ ತೆರೆದು, ಏನು ಮಾಡಲಿ ಎಂದು ಕೇಳುತ್ತದೆ. ನೀವು ಪ್ರಾಂಪ್ಟಿಗೆ ಹೋಗಿ ಆ ಫಂಕ್ಷನ್ ಬರೆಯುತ್ತೀರಿ, ಮತ್ತೆ ಪ್ರಯತ್ನಿಸು ಎಂಬ ರೀಸ್ಟಾರ್ಟ್ ಆರಿಸುತ್ತೀರಿ, ಪ್ರೋಗ್ರಾಂ ನಿಂತಲ್ಲಿಂದ ಮುಂದುವರಿಯುತ್ತದೆ. ಇಷ್ಟು ಚೆಂದದ ಸೌಲಭ್ಯ ಬೇರೆ ಭಾಷೆಗಳಲ್ಲಿ ಅಪರೂಪ. ಆದರೆ ಆ ಫಂಕ್ಷನ್ ಈಗ ಇರುವುದು ಓಡುತ್ತಿರುವ ಇಮೇಜಿನಲ್ಲಿ (ಲಿಸ್ಪ್ ಆ ಹೊತ್ತಿಗೆ ಮೆಮೊರಿಯಲ್ಲಿ ಇಟ್ಟುಕೊಂಡಿರುವುದೆಲ್ಲ), ಫೈಲಿನಲ್ಲಿ ಅಲ್ಲ. ನೀವು ಮರೆತಿರಿ, ಇಮೇಜ್ ಮರೆಯಲಿಲ್ಲ. ಸಹೋದ್ಯೋಗಿಯ ಹತ್ತಿರ ಇರುವುದು ಬರೀ ಫೈಲು.

ಇದರ ಉಲ್ಟಾ ಕೂಡ ಆಗುತ್ತದೆ. ಫೈಲಿನಿಂದ ಅಳಿಸಿದ ಫಂಕ್ಷನ್ ಇಮೇಜಿನಲ್ಲಿ ಜೀವಂತ ಇರುತ್ತದೆ, ಅದನ್ನು ಕರೆಯುವ ಟೆಸ್ಟ್ ಪಾಸ್ ಆಗುತ್ತಲೇ ಇರುತ್ತದೆ. ಮ್ಯಾಕ್ರೋ (ಕಂಪೈಲ್ ಆಗುವಾಗಲೇ ಬೇರೆ ಕೋಡಾಗಿ ಬಿಚ್ಚಿಕೊಳ್ಳುವ ತುಣುಕು) ಬದಲಿಸಿ, ಅದನ್ನು ಬಳಸುವ ಫಂಕ್ಷನ್ನನ್ನು ಮತ್ತೆ ಕಂಪೈಲ್ ಮಾಡದಿದ್ದರೆ ಫಂಕ್ಷನ್ನಿನೊಳಗೆ ಹಳೆಯ ಮ್ಯಾಕ್ರೋವೇ ಕೂತಿರುತ್ತದೆ. ಡಾಕ್ಟರ್‌ರಾಕೆಟ್‌ನಲ್ಲಿ ಇದು ಕಾಡುವುದಿಲ್ಲ, ರನ್ ಒತ್ತಿದಾಗಲೆಲ್ಲ ಎಲ್ಲಾ ಹೊಸದಾಗಿ ಶುರುವಾಗುತ್ತದೆ.

ಹಾಗಾಗಿ ಎಡಿಟರಿನಲ್ಲಿ ಹಸಿರು ಕಂಡ ಮಾತ್ರಕ್ಕೆ ಕೋಡನ್ನು ಯಾರಿಗೂ ಕಳಿಸಬೇಡಿ. ಟರ್ಮಿನಲ್ಲಿನಲ್ಲಿ ಹೊಸ ಎಸ್‌ಬಿಸಿಎಲ್ ತೆರೆದು, ಫೈಲ್ ಲೋಡ್ ಮಾಡಿ, ಟೆಸ್ಟ್ ಓಡಿಸಿ, ಆಮೇಲೆ ಕಳಿಸಿ. ಲೋಡ್ ಮಾಡುವಾಗ ‘ಅನ್‌ಡಿಫೈನ್ಡ್ ಫಂಕ್ಷನ್’ ಎಂಬ ಎಚ್ಚರಿಕೆ ಬಂದರೆ ಅದನ್ನು ದಾಟಿಸಿಕೊಂಡು ಹೋಗಬೇಡಿ, ನಿಮ್ಮ ಸಹೋದ್ಯೋಗಿಗೆ ಬಂದ ದೂರೇ ಅದು. ಬೇಡದ ಫಂಕ್ಷನ್ನನ್ನು ಇಮೇಜಿನಿಂದಲೂ ತೆಗೆಯಲು ಎಫ್‌ಮೇಕ್‌ಅನ್‌ಬೌಂಡ್ ಇದೆ, ಫಂಕ್ಷನ್ನಿನ ಹೆಸರನ್ನು ಕೋಟ್ ಹಾಕಿ ಕೊಟ್ಟರಾಯಿತು. ಡೀಬಗರ್ ತೋರಿಸುವ ಸ್ಟ್ಯಾಕಿನಲ್ಲಿ (ಇನ್ನೂ ಮುಗಿಯದ ಕರೆಗಳ ಪಟ್ಟಿ) ಇರಬೇಕಾದ ಕರೆಗಳು ಕಾಣದಿದ್ದರೆ ಗಾಬರಿ ಬೇಡ. ಟೇಲ್ ಕಾಲ್‌ಗಳನ್ನು (ಫಂಕ್ಷನ್ನಿನ ಕೊನೆಯ ಕೆಲಸವಾಗಿ ಬರುವ ಕರೆಗಳು) ಕಂಪೈಲರ್ ಮಡಚಿಬಿಟ್ಟಿರುತ್ತದೆ. ಡೀಬಗ್ ಮಟ್ಟವನ್ನು 3ಕ್ಕೆ ಏರಿಸಿ ಮತ್ತೆ ಕಂಪೈಲ್ ಮಾಡಿದರೆ ಅವು ಕಾಣುತ್ತವೆ. ಕೆಲಸ ಮುಗಿದ ಮೇಲೆ ಮಟ್ಟವನ್ನು ಮತ್ತೆ ಇಳಿಸಿ, ಇಲ್ಲದಿದ್ದರೆ ಆಳವಾದ ರಿಕರ್ಷನ್‌ಗಳಲ್ಲಿ ಸ್ಟ್ಯಾಕ್ ತುಂಬಿಹೋಗಬಹುದು.