ಹಳೆಯ ಟರ್ಮಿನಲ್ ಟೂಲ್‌ಗಳನ್ನೆಲ್ಲ ಬದಲಿಸಬೇಕಾ?

ಉಬುಂಟು ಲಿನಕ್ಸ್‌ನಲ್ಲಿ ನಿಯೋಫೆಚ್ (ಸಿಸ್ಟಮ್ ವಿವರ ತೋರಿಸುವುದು), ಎಕ್ಸಾ (ಫೈಲ್‌ಗಳ ಪಟ್ಟಿ ಕೊಡುವುದು), ಗ್ರೆಪ್ (ಫೈಲ್‌ಗಳೊಳಗೆ ಪದ ಹುಡುಕುವುದು), ಎಚ್‌ಟಾಪ್ (ಓಡುತ್ತಿರುವ ಪ್ರೋಗ್ರಾಂಗಳನ್ನು ತೋರಿಸುವುದು) ಎಲ್ಲ ಹಳೆಯದಾಯ್ತು, ಒಟ್ಟಿಗೇ ಬದಲಿಸಲಾ ಅಂತ ಕೇಳಿದ್ದೀರಿ. ಎಲ್ಲ ಬೇಡ ಮಾರಾಯ್ರೆ. ಹಳೆಯದು ಬೇರೆ, ಕೈಬಿಟ್ಟದ್ದು ಬೇರೆ. ಗ್ರೆಪ್ ಹುಟ್ಟಿದ್ದು 1970ರ ದಶಕದಲ್ಲಿ, ಅದನ್ನು ನೋಡಿಕೊಳ್ಳುವವರು ಇವತ್ತಿಗೂ ಇದ್ದಾರೆ. ಅದರ ಮುಂದೆ ನಿಯೋಫೆಚ್ ಇನ್ನೂ ಮಗು, ಆದರೆ 2024ರ ಏಪ್ರಿಲ್‌ನಲ್ಲಿ, ಕೋಡ್ ಇಡುವ ತಾಣ ಗಿಟ್‌ಹಬ್‌ನಲ್ಲಿ ಅದಕ್ಕೆ ಬೀಗ ಬಿತ್ತು. ಬರೆದಾತ ಕೃಷಿಗೆ ಇಳಿದಿದ್ದೇನೆ ಅಂತ ತನ್ನ ಪುಟದಲ್ಲಿ ಒಂದು ಸಾಲು ಹಾಕಿ ಹೊರಟುಬಿಟ್ಟ. ನಮ್ಮ ಮಂಗಳೂರಿನ ಆಫೀಸಲ್ಲೂ ವಾರಕ್ಕೊಬ್ಬರು ಪುತ್ತೂರಿನ ತೋಟಕ್ಕೆ ವಾಪಸ್ ಹೋಗ್ತೇನೆ ಅನ್ನುತ್ತಾರೆ, ಹೋದವರನ್ನು ಮಾತ್ರ ನಾನು ನೋಡಿಲ್ಲ.

ನಿಯೋಫೆಚ್ ತೆಗೆದು ಫಾಸ್ಟ್‌ಫೆಚ್ ಹಾಕಿ. ಎಕ್ಸಾ ಕೂಡ 2023ರಲ್ಲಿ ನಿಂತಿತು, ಅದನ್ನೇ ಬೇರೆಯವರು ಈಝಾ ಅಂತ ಮುಂದುವರಿಸಿದ್ದಾರೆ. ಎಚ್‌ಟಾಪ್ ಬಿಡಬೇಡಿ, 2020ರಲ್ಲಿ ಹೊಸ ತಂಡ ಬಂದು ಅದನ್ನು ಉಳಿಸಿಕೊಂಡಿದೆ.

ಗ್ರೆಪ್ ಜಾಗಕ್ಕೆ ರಿಪ್‌ಗ್ರೆಪ್ ಅಂತ ಎಲ್ಲರೂ ಹೇಳುತ್ತಾರೆ. ಒಳ್ಳೆಯದೇ, ತುಂಬಾ ಫಾಸ್ಟ್. ಆದರೆ ನನ್ನ ಹಾಗೆ ಜಾಣತನ ಮಾಡಿ ಗ್ರೆಪ್ ಹೆಸರಿಗೇ ಅದರ ಅಲಿಯಾಸ್ ಕಟ್ಟಬೇಡಿ, ಅಂದರೆ ಗ್ರೆಪ್ ಅಂತ ಹೊಡೆದರೆ ರಿಪ್‌ಗ್ರೆಪ್ ಓಡುವ ಹಾಗೆ ಮಾಡಬೇಡಿ. ಒಂದು ಅಂಗಡಿಯ ಬಿಲ್ಲಿಂಗ್ ಫೈಲ್‌ಗಳಲ್ಲಿ 'ಬಾಕಿ' ಅನ್ನುವ ಪದ ಎಲ್ಲೆಲ್ಲಿದೆ ನೋಡೋಣ ಅಂತ, ಹಳೇ ಅಭ್ಯಾಸದಲ್ಲಿ ಗ್ರೆಪ್, ಹೈಫನ್ ಆರ್, ಬಾಕಿ, ಕೊನೆಗೊಂದು ಚುಕ್ಕಿ (ಈ ಫೋಲ್ಡರ್‌ನಲ್ಲಿ ಹುಡುಕು ಅಂತ) ಹೊಡೆದೆ. ಸ್ಕ್ರೀನ್ ತುಂಬಾ ಬಾಕಿಬಾಕಿಬಾಕಿಬಾಕಿ, ನಿಲ್ಲುವುದೇ ಇಲ್ಲ! ಹೊರಗೆ ಆಟಿ ಮಳೆ, ಒಳಗೆ ನಾನು ಬೆವರುತ್ತಾ ಕೂತಿದ್ದೆ. ಫೈಲ್ ಎಲ್ಲ ಹೋಯ್ತು ಅಂದುಕೊಂಡೆ. ಆಮೇಲೆ ಗೊತ್ತಾಯ್ತು, ಗ್ರೆಪ್‌ನಲ್ಲಿ ಹೈಫನ್ ಆರ್ ಅಂದರೆ ಒಳಗಿನ ಫೋಲ್ಡರ್‌ಗಳನ್ನೂ ಹುಡುಕು ಅಂತ, ರಿಪ್‌ಗ್ರೆಪ್‌ನಲ್ಲಿ ಸಿಕ್ಕಿದ್ದನ್ನು ಬದಲಿಸಿ ತೋರಿಸು ಅಂತ. ಬಾಕಿ ಬದಲಿಗೆ ಹಾಕುವ ಪದವಾಯ್ತು, ನಾನು ಕೊಟ್ಟ ಚುಕ್ಕಿಯೇ ಹುಡುಕುವ ಪದವಾಯ್ತು, ಚುಕ್ಕಿ ಅಂದರೆ ಯಾವ ಅಕ್ಷರವಾದರೂ ಸರಿ, ಹಾಗಾಗಿ ಪ್ರತಿ ಅಕ್ಷರದ ಜಾಗದಲ್ಲೂ ಒಂದೊಂದು ಬಾಕಿ. ಪುಣ್ಯಕ್ಕೆ ಅದು ಬದಲಿಸುವುದು ಸ್ಕ್ರೀನ್ ಮೇಲೆ ಮಾತ್ರ, ಫೈಲ್ ಮುಟ್ಟುವುದಿಲ್ಲ.

ಇನ್ನೊಂದುಂಟು. ಚುಕ್ಕಿಯಿಂದ ಶುರುವಾಗುವ ಫೈಲ್‌ಗಳನ್ನು, ಗಿಟ್‌ಇಗ್ನೋರ್‌ನಲ್ಲಿ (ಗಿಟ್ ಲೆಕ್ಕಕ್ಕೆ ಇಟ್ಟುಕೊಳ್ಳಬಾರದ ಫೈಲ್‌ಗಳ ಪಟ್ಟಿ) ಇರುವವನ್ನು ರಿಪ್‌ಗ್ರೆಪ್ ಸುಮ್ನೆ ದಾಟಿ ಹೋಗುತ್ತದೆ. ಏನೂ ಸಿಗಲಿಲ್ಲ ಅಂದರೆ ಇಲ್ಲವೇ ಇಲ್ಲ ಅಂತಲ್ಲ. ಹೈಫನ್ ಹಾಕಿ ಮೂರು ಯು ಒತ್ತಿ, ಆಗ ಎಲ್ಲವನ್ನೂ ಜಾಲಾಡುತ್ತದೆ.

ಫೈಲ್ ಒಳಗಿರುವುದನ್ನು ತೋರಿಸುವ ಕ್ಯಾಟ್ ಬದಲು ಬ್ಯಾಟ್, ಫೈಲ್‌ಗಳನ್ನು ಹುಡುಕುವ ಫೈಂಡ್ ಬದಲು ಎಫ್‌ಡಿ ಹಾಕುವುದಾದರೆ, ಉಬುಂಟುವಿನ ಪ್ಯಾಕೇಜ್‌ನಲ್ಲಿ ಅವುಗಳ ಕಮಾಂಡ್ ಬ್ಯಾಟ್‌ಕ್ಯಾಟ್ ಮತ್ತು ಎಫ್‌ಡಿಫೈಂಡ್. ಇನ್‌ಸ್ಟಾಲ್ ಆಗಿಯೂ ಕಮಾಂಡ್ ಇಲ್ಲ ಅಂದರೆ ಗಾಬರಿ ಬೇಡ. ಇವತ್ತಿಗೆ ನಿಯೋಫೆಚ್, ಎಕ್ಸಾ ಎರಡನ್ನು ತೆಗೆಯಿರಿ, ಗ್ರೆಪ್ ಅಲ್ಲೇ ಇರಲಿ.