ಪಾದದ ಮುಂಭಾಗದ ನೋವು ಬದುಕನ್ನು ಇಷ್ಟೊಂದು ಕೆಡಿಸುತ್ತದೆಯೇ?

ಒಂದು ವರ್ಷದಿಂದ ಬೆರಳುಗಳ ಬುಡದಲ್ಲಿ, ಅಂಗಾಲಿನ ಮುಂಭಾಗದಲ್ಲಿ ನೋವಿದೆ, ಮನೆಯವರು 'ಕಾಲು ನೋವು ತಾನೆ, ಹೋಗುತ್ತದೆ ಬಿಡು' ಎನ್ನುತ್ತಾರೆ, ನಾನೇ ದೊಡ್ಡದು ಮಾಡುತ್ತಿದ್ದೇನೆಯೇ ಎಂದು ಕೇಳಿದ್ದೀರಿ. ಇಲ್ಲ, ನೀವು ದೊಡ್ಡದು ಮಾಡುತ್ತಿಲ್ಲ.

ನಾನು ದಕ್ಷಿಣ ಕೊಡಗಿನ ಒಂದು ಕಾಫಿ ತೋಟದಲ್ಲಿ ರೈಟರ್. ಬೆಳಿಗ್ಗೆ ಹಾಜರಿ ಹಾಕುವುದರಿಂದ ಹಿಡಿದು ಸಂಜೆ ಕೊಯ್ದ ಹಣ್ಣಿನ ತೂಕ ಬರೆಯುವವರೆಗೆ ಕಾಲಿಗೆ ಬಿಡುವಿಲ್ಲದ ಕೆಲಸ, ಅದೂ ಇಳಿಜಾರಿನಲ್ಲಿ. ನಾಲ್ಕು ವರ್ಷಗಳ ಹಿಂದಿನ ಮಳೆಗಾಲದಲ್ಲಿ ಗಂಬೂಟಿನೊಳಗೆ ಕಲ್ಲು ಸೇರಿಕೊಂಡಂತಾಯಿತು. ಬಿಚ್ಚಿ ಕೊಡವಿದೆ, ಏನೂ ಬೀಳಲಿಲ್ಲ. ಜಿಗಣೆ ಇರಬಹುದೆಂದು ಕಾಲುಚೀಲವನ್ನೂ ತಿರುವಿ ನೋಡಿದೆ. ಮತ್ತೆ ಹಾಕಿಕೊಂಡು ಹತ್ತು ಹೆಜ್ಜೆ ಇಟ್ಟರೆ ಅದೇ ಕಲ್ಲು ಅಲ್ಲೇ ಇತ್ತು. ತಿಂಗಳು ಕಳೆಯುವುದರೊಳಗೆ ಮೂರನೆಯ ಮತ್ತು ನಾಲ್ಕನೆಯ ಬೆರಳಿಗೆ ಕರೆಂಟು ಹೊಡೆದಂತೆ ಉರಿ ಹರಿಯತೊಡಗಿತು.

ಆಮೇಲಿನ ಎರಡು ವರ್ಷಗಳಲ್ಲಿ ನಾನು ಅತಿ ಹೆಚ್ಚು ಸಲ ಆಡಿದ ಮಾತು 'ನೀವು ಹೋಗಿ, ನಾನು ಆಮೇಲೆ ಬರುತ್ತೇನೆ' ಎಂಬುದು. ಶುಕ್ರವಾರ ಮಡಿಕೇರಿ ಸಂತೆಗೆ ಹೆಂಡತಿಯನ್ನು ಕಳುಹಿಸಿ ನಾನು ಜೀಪಿನಲ್ಲೇ ಕುಳಿತಿರುತ್ತಿದ್ದೆ. ಮದುವೆಗೆ ಹೋದರೆ ಮೊದಲು ಕಣ್ಣು ಹುಡುಕುತ್ತಿದ್ದುದು ಖಾಲಿ ಕುರ್ಚಿಯನ್ನು. ತುಲಾ ಸಂಕ್ರಮಣಕ್ಕೆ ತಲಕಾವೇರಿಗೆ ಹೋಗುವುದು ನಿಂತಿತು. ಆ ಮೆಟ್ಟಿಲು, ಆ ತಣ್ಣನೆಯ ಕಲ್ಲುಹಾಸಿನ ಮೇಲೆ ಬರಿಗಾಲಿನಲ್ಲಿ ನಿಲ್ಲುವುದನ್ನು ನೆನೆದರೇ ಪಾದ ಬಿಗಿಯುತ್ತಿತ್ತು. ಹುತ್ತರಿಯ ರಾತ್ರಿ ಮನೆಯವರೆಲ್ಲ ದೀಪ ಹಿಡಿದು ಕದಿರು ತೆಗೆಯಲು ಗದ್ದೆಗೆ ಇಳಿದಾಗ ನಾನು ಅಂಗಳದಲ್ಲಿ ಉಳಿದೆ. ಕತ್ತಲಿನಾಚೆಯಿಂದ 'ಪೊಲಿ ಪೊಲಿ ದೇವಾ' ಕೇಳಿಬಂತು. ಪಕ್ಕದಲ್ಲಿದ್ದದ್ದು ಎಂಬತ್ತು ದಾಟಿದ ಅವ್ವ ಮಾತ್ರ. ಅಂದು ಪಟ್ಟ ಸಂಕಟ ನೋವಿನದಲ್ಲ.

ನೋಡುವವರಿಗೆ ಏನೂ ಕಾಣುವುದಿಲ್ಲ ಎಂಬುದೇ ಈ ನೋವಿನ ಕಷ್ಟ. ಊತವಿಲ್ಲ, ಗಾಯವಿಲ್ಲ, ಪಟ್ಟಿಯಿಲ್ಲ. ಸಿಟ್ಟು ಮಾತ್ರ ಎಲ್ಲರಿಗೂ ಕಾಣುತ್ತದೆ. ಮಧ್ಯಾಹ್ನದ ಹೊತ್ತಿಗೆ ಕೆಲಸಗಾರರ ಮೇಲೆ ರೇಗುತ್ತಿದ್ದೆ, ಮಗಳು ಏನಾದರೂ ಕೇಳಿದರೆ ಮೊಟಕಾಗಿ ಉತ್ತರಿಸುತ್ತಿದ್ದೆ. ಇಂಥ ನೋವನ್ನು ಅಳೆಯಲೆಂದೇ 2000ದಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ 19 ಹೇಳಿಕೆಗಳ ಒಂದು ಪಟ್ಟಿ ಸಿದ್ಧವಾಗಿದೆ. ದೂರ ನಡೆಯುವುದನ್ನು ತಪ್ಪಿಸುತ್ತೇನೆ, ಗಟ್ಟಿ ನೆಲವನ್ನು ತಪ್ಪಿಸುತ್ತೇನೆ ಎಂಬುವುಗಳ ಜೊತೆಗೇ, ಪಾದ ನೋಯುವಾಗ ಸಿಡುಕುತ್ತೇನೆ, ಹಾಕಿಕೊಳ್ಳಬೇಕಾದ ಚಪ್ಪಲಿಯ ಬಗ್ಗೆ ಸಂಕೋಚವಾಗುತ್ತದೆ ಎಂಬುವೂ ಅದರಲ್ಲಿವೆ. ಅದನ್ನು ಓದಿದ ದಿನ ಹೆಂಡತಿಗೂ ಓದಿ ಹೇಳಿದೆ. ಅವಳು ಬಹಳ ಹೊತ್ತು ಏನೂ ಮಾತನಾಡಲಿಲ್ಲ.

ಕಾರಣಕ್ಕೆ ಬರುತ್ತೇನೆ. ಹಿಮ್ಮಡಿ ನೆಲ ಬಿಟ್ಟ ಕ್ಷಣದಲ್ಲಿ ಮೈಭಾರವೆಲ್ಲ ಬೆರಳುಗಳ ಹಿಂದಿರುವ ಐದು ಉದ್ದ ಮೂಳೆಗಳ ತುದಿಗೆ ಬರುತ್ತದೆ. ಇಳಿಜಾರಿನಲ್ಲಿ ಪಾದ ಬೂಟಿನೊಳಗೆ ಮುಂದಕ್ಕೆ ಜಾರಿ ಅಲ್ಲೇ ಒತ್ತುತ್ತದೆ. ಮೀನಖಂಡ ಬಿಗಿಯಾಗಿದ್ದರೆ ಹಿಮ್ಮಡಿ ಬೇಗ ಮೇಲೇಳುವುದರಿಂದ ಆ ಭಾರ ಇನ್ನೂ ಹೆಚ್ಚು ಹೊತ್ತು ಅಲ್ಲಿರುತ್ತದೆ. ವಯಸ್ಸಾದಂತೆ ಅಂಗಾಲಿನ ಕೊಬ್ಬಿನ ಮೆತ್ತೆಯೂ ತೆಳುವಾಗುತ್ತದೆ. ನನಗಿದ್ದದ್ದು ಬೆರಳುಗಳ ನಡುವಿನ ನರ ದಪ್ಪಗಾಗುವ ತೊಂದರೆ. 1876ರಲ್ಲಿ ಅದನ್ನು ವಿವರಿಸಿದ ಅಮೆರಿಕದ ಥಾಮಸ್ ಮಾರ್ಟನ್ ಅವರ ಹೆಸರಿನಿಂದ ಮಾರ್ಟನ್ಸ್ ನ್ಯೂರೋಮಾ ಎಂದು ಕರೆಯುತ್ತಾರೆ.

ಇದು ಗೊತ್ತಾಗಲು ನನಗೆ ಎರಡು ವರ್ಷ ಹಿಡಿಯಿತು. ಮೊದಲು ತೋರಿಸಿದ ಕಡೆ ಪಾದವನ್ನು ಮುಟ್ಟಿಯೂ ನೋಡದೆ ಯೂರಿಕ್ ಆಮ್ಲವೆಂದು ಹೇಳಿ ನೋವಿನ ಮಾತ್ರೆ ಬರೆದುಕೊಟ್ಟರು. ತಿಂಗಳುಗಟ್ಟಲೆ ನುಂಗಿ ಹೊಟ್ಟೆ ಕೆಟ್ಟಿತು. ಆಮೇಲೆ ಮೈಸೂರಿನಲ್ಲಿ ಒಬ್ಬ ಮೂಳೆ ತಜ್ಞರು ಪಾದದ ಎರಡೂ ಬದಿಗಳನ್ನು ಕೈಯಲ್ಲಿ ಹಿಡಿದು ಒತ್ತಿದರು. ಒಳಗೆ ಟಕ್ಕೆಂದಿತು, ನಾನು ಚೀರಿದೆ. 'ಇದರಿಂದ ಏನೇನು ಬಿಟ್ಟಿದ್ದೀರಿ?' ಎಂದು ಕೇಳಿದರು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಗದ್ದೆ ಎಂದೆ, ಮುಂದಕ್ಕೆ ಮಾತು ಹೊರಡಲಿಲ್ಲ.

ಉಪಾಯಗಳು ಸರಳವಾಗಿದ್ದವು. ಬೆರಳುಗಳು ಹರಡಿಕೊಳ್ಳುವಷ್ಟು ಅಗಲವಾದ, ದಪ್ಪ ಅಡಿಯ ಶೂ, ಒಂದು ಅಳತೆ ದೊಡ್ಡ ಗಂಬೂಟು, ದಿನಕ್ಕೆರಡು ಸಲ ಗೋಡೆಗೆ ಕೈಕೊಟ್ಟು ಮೀನಖಂಡ ಹಿಗ್ಗಿಸುವುದು, ಶೂ ಒಳಗೆ ಅಂಟಿಸುವ ಪುಟ್ಟ ಮೆತ್ತೆ. ಈ ಮೆತ್ತೆಯ ವಿಷಯದಲ್ಲಿ ದಯವಿಟ್ಟು ಎಚ್ಚರವಹಿಸಿ. ನೋಯುವ ಜಾಗದ ಕೆಳಗೇ ಇಡಬೇಕೆಂದು ಯಾರಿಗಾದರೂ ಅನಿಸುತ್ತದೆ. ನಾನೂ ಹಾಗೆ ಇಟ್ಟು ಹತ್ತು ದಿನ ನರಳಿದೆ. ಅದು ಕೂರಬೇಕಾದದ್ದು ನೋವಿನ ಜಾಗಕ್ಕಿಂತ ತುಸು ಹಿಂದೆ, ಹಿಮ್ಮಡಿಯ ಕಡೆಗೆ. ಆಗ ಮೂಳೆಗಳ ತುದಿಯ ಮೇಲಿನ ಭಾರ ಹಂಚಿಹೋಗುತ್ತದೆ. ಇಷ್ಟಕ್ಕೆ ಬಗ್ಗದಿದ್ದರೆ ಚುಚ್ಚುಮದ್ದು, ಶಸ್ತ್ರಚಿಕಿತ್ಸೆ ಇವೆ. ನನಗೆ ಅಗತ್ಯ ಬೀಳಲಿಲ್ಲ.

ಆದರೆ ನಿಮ್ಮದೂ ನನ್ನದೇ ಕಾಯಿಲೆ ಎಂದುಕೊಳ್ಳಬೇಡಿ. ಎರಡೂ ಪಾದ ನೋಯುತ್ತಿದ್ದು ಬೆಳಿಗ್ಗೆ ಎದ್ದಾಗ ಬಹಳ ಹೊತ್ತು ಬಿಗಿಯಾಗಿದ್ದರೆ ಅದು ಸಂಧಿವಾತದ ಆರಂಭವಿರಬಹುದು. ಒಂದೇ ಮೂಳೆಯ ಮೇಲೆ ಊತ ಬಂದಿದ್ದರೆ ಕೂದಲೆಳೆಯ ಬಿರುಕಿರಬಹುದು. ಸಕ್ಕರೆ ಕಾಯಿಲೆ ಇದ್ದು ಪಾದ ಜೋಮು ಹಿಡಿಯುತ್ತಿದ್ದರಂತೂ ತಡಮಾಡಲೇಬೇಡಿ. ನೋವಿನ ಪಾದವನ್ನು ಉಳಿಸಲು ಓರೆಯಾಗಿ ನಡೆದು ನನ್ನ ಮಂಡಿ, ಸೊಂಟ ಎರಡೂ ಹಿಡಿದುಕೊಂಡಿದ್ದವು. ಮನೆಯ ಹಿರಿಯರು ಹಾಗೆ ನಡೆದರೆ ಬೀಳುವ ಅಪಾಯವೂ ಇದೆ.

ವೈದ್ಯರ ಬಳಿಗೆ ಹೋಗುವ ಮುನ್ನ ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಯಾವ ಬೆರಳಿನ ಬುಡ, ಎಷ್ಟು ಹೊತ್ತು ನಡೆದ ಮೇಲೆ, ಚಪ್ಪಲಿ ಬಿಚ್ಚಿದರೆ ಕಡಿಮೆಯಾಗುತ್ತದೆಯೇ. ಅದರ ಕೆಳಗೆ, ಈ ಒಂದು ವರ್ಷದಲ್ಲಿ ನೀವು ಬಿಟ್ಟದ್ದನ್ನೆಲ್ಲ ಬರೆಯಿರಿ. ಆ ಹಾಳೆಯನ್ನು ಮೊದಲು ಮನೆಯವರ ಕೈಗೆ ಕೊಡಿ.