ಟಿಶ್ಯೂ ಕಲ್ಚರ್ ಬಾಳೆಗೂ ಸೊರಗು ರೋಗ ಬರುತ್ತಾ?

ಪ್ರಶ್ನೆ: ಟಿಶ್ಯೂ ಕಲ್ಚರ್ ಗಿಡಕ್ಕೆ ರೋಗನೇ ಬರಲ್ಲ ಅಂತ ಹೇಳಿ ಕೊಟ್ರು, ಹಳೇ ಬಾಳೆ ತೆಗೆದ ಜಾಗದಲ್ಲೇ ಹಾಕಿದ್ವಿ. ಐದು ತಿಂಗಳಿಗೆ ಕೆಳಗಿನ ಎಲೆ ಹಳದಿಯಾಗಿ ದಿಂಡಿನ ಸುತ್ತ ಜೋತು ಬೀಳ್ತಿವೆ. ಗಿಡದಲ್ಲೇ ಮೋಸ ಇತ್ತಾ? ಲ್ಯಾಬಲ್ಲಿ ಜೀನ್ ಏನಾದ್ರೂ ಬದಲಾಯಿಸಿರ್ತಾರಾ?

ಉತ್ತರ: ಮೊದ್ಲು ಹಳದಿಯಾಗಿರೋ ಒಂದು ಗಿಡದ ದಿಂಡನ್ನ ಬುಡದ ಹತ್ರ ಅಡ್ಡ ಕೊಯ್ದು ನೋಡಿ. ಒಳಗೆ ಕೆಂಪು-ಕಂದು ಚುಕ್ಕೆಗಳು ಉಂಗುರದ ಥರ ಕಂಡ್ರೆ ಪನಾಮ ಸೊರಗು ರೋಗ ಅನ್ನೋ ಅನುಮಾನ ಗಟ್ಟಿ. ಹಾಗಾದ್ರೆ ರೋಗ ಲ್ಯಾಬಲ್ಲಿ ಗಿಡ ಬೆಳೆಸೋ ಬಾಟಲಿಯಿಂದ ಬಂದಿದ್ದಲ್ಲ, ಹೆಚ್ಚಾಗಿ ಮಣ್ಣಿಂದಾನೇ, ಯಾಕಂದ್ರೆ ಈ ರೋಗ ತರೋ ಫ್ಯುಸೇರಿಯಂ ಅನ್ನೋ ಶಿಲೀಂಧ್ರ ಬಾಳೆ ತೆಗೆದ ಮೇಲೂ ದಶಕಗಟ್ಟಲೆ ಮಣ್ಣಲ್ಲೇ ಕೂತಿರುತ್ತೆ. ರೋಗ ಇಲ್ಲದ ಗಿಡ ಬೇರೆ, ರೋಗ ಬರದ ಗಿಡ ಬೇರೆ. ಮಾರೋರು ಇದನ್ನ ಬಿಡಿಸಿ ಹೇಳಲೇಬೇಕು, ಹೇಳದೆ ಇರೋದು ನಂಗೆ ನಿಜವಾಗ್ಲೂ ಬೇಜಾರಿನ ವಿಷಯ.

ಜೀನ್ ಏನೂ ಬದಲಾಯಿಸಲ್ಲ. ನಾವು ತಿನ್ನೋ ಬಾಳೇಲಿ ಬೀಜನೇ ಇಲ್ವಲ್ಲ, ನೀವು ಕಿತ್ತು ನೆಡೋ ಕಂದು, ಅಂದ್ರೆ ಬುಡದ ಮರಿ ಗಿಡ ಕೂಡ ತಾಯಿ ಗಿಡದ ನಕಲೇ, ಲ್ಯಾಬಲ್ಲಿ ಅದೇ ಕೆಲ್ಸ ಬೇಗ ನಡೆಯುತ್ತೆ ಅಷ್ಟೆ. ಒಳ್ಳೇ ತಾಯಿ ಗಿಡದ ಕಂದಿನ ಸುಳಿ ಬಿಡಿಸ್ತಾ ಬಿಡಿಸ್ತಾ ಒಳಗಿನ ಬೆಳ್ಳಗಿನ ಚಿಕ್ಕ ತುದಿ ತಗೊಂಡು, ಕ್ರಿಮಿ ಇಲ್ಲದ ಹಾಗೆ ತೊಳೆದು, ಸಕ್ಕರೆ, ಲವಣ, ಅಗರ್ ಹಾಕಿದ ಜೆಲ್ಲಿ ಮೇಲೆ ಇಡ್ತಾರೆ, ಸೈಟೊಕೈನಿನ್ ಅನ್ನೋ ಹಾರ್ಮೋನ್ ಸಿಕ್ಕಿದ ಕೂಡ್ಲೇ ಒಂದು ತುದಿಯಿಂದ ಗೊಂಚಲು ಮೊಳಕೆ ಬರುತ್ತೆ, ಮೂರ್ನಾಲ್ಕು ವಾರಕ್ಕೊಮ್ಮೆ ಅದನ್ನ ಬಿಡಿಸಿ ಮತ್ತೆ ಹೊಸ ಬಾಟಲಿಗೆ, ಕೊನೇಗೆ ಆಕ್ಸಿನ್ ಅನ್ನೋ ಇನ್ನೊಂದು ಹಾರ್ಮೋನ್ ಕೊಟ್ಟು ಬೇರು ಬರಿಸ್ತಾರೆ. ಹೀಗೆ ಬಿಡಿಸೋದನ್ನ ಅತಿ ಮಾಡಿದ್ರೆ ಕುಳ್ಳ ಗಿಡ, ವಿಕಾರ ಎಲೆ ಬರೋ ಸಾಧ್ಯತೆ ಜಾಸ್ತಿ, ಅದಕ್ಕೇ 8 ಸುತ್ತಿನ ಆಸುಪಾಸಲ್ಲಿ ನಿಲ್ಲಿಸೋದು ರೂಢಿ. ಇನ್ನೊಂದು ಮಾತು, ಶಿಲೀಂಧ್ರ ಬ್ಯಾಕ್ಟೀರಿಯಾ ಈ ದಾರೀಲಿ ಬಹುಮಟ್ಟಿಗೆ ಕಳಚಿಕೊಳ್ಳುತ್ತೆ, ವೈರಸ್ ಹಾಗಲ್ಲ. ತಾಯಿ ಗಿಡದಲ್ಲಿ ಎಲೆ ತುದೀಲಿ ಗುಂಪಾಗಿಸಿ ಗಿಡ ಕುಳ್ಳ ಮಾಡೋ ಬಂಚಿ ಟಾಪ್ ವೈರಸ್ ಇದ್ರೆ ಒಂದರ ಬದ್ಲು ಸಾವಿರ ರೋಗಿ ಗಿಡ ಆಗುತ್ತೆ, ಅದಕ್ಕೆ ತಾಯಿ ಗಿಡದ ವೈರಸ್ ಟೆಸ್ಟ್ ರಿಪೋರ್ಟ್ ಕೇಳದೆ ಗಿಡ ತರಬೇಡಿ.

ಹಾರ್ಡನಿಂಗ್, ಅಂದ್ರೆ ಲ್ಯಾಬಿನ ಗಿಡನ ಹೊರಗಿನ ವಾತಾವರಣಕ್ಕೆ ಒಗ್ಗಿಸೋದು, ಸರಿಯಾಗಿತ್ತಾ ಅಂತಾನೂ ನೋಡ್ಬೇಕು. ಬಾಟಲಿಯಿಂದ ಆಗ ತಾನೇ ತೆಗೆದ ಗಿಡ ಅಂಗೈ ಮೇಲಿಟ್ರೆ ಕೆಲವೇ ನಿಮಿಷಕ್ಕೆ ಬಾಡೋಕೆ ಶುರುವಾಗುತ್ತೆ, ಎಲೆ ಮೇಲೆ ಮೇಣ ಸರಿಯಾಗಿ ಕೂತಿರಲ್ಲ, ನೀರು ಹಿಡಿದಿಡೋಕೆ ಅದಕ್ಕಿನ್ನೂ ಗೊತ್ತಿರಲ್ಲ. ಬೇರಿಗೆ ಅಂಟಿದ ಜೆಲ್ಲಿ ತೊಳೆದು, ಮೊದ್ಲು ತೇವ ಜಾಸ್ತಿ ಇರೋ ಕಡೆ, ಆಮೇಲೆ ನೆರಳು ಪರದೆ ಕೆಳಗೆ ನಿಧಾನ ಬಿಸಿಲಿಗೆ ಒಗ್ಗಿಸ್ಬೇಕು, ಐದಾರು ಎಲೆ ಬಂದ ಗಿಡನೇ ತಗೊಳ್ಳಿ. ಒಗ್ಗಿಸೋಕೆ ಗಿಡ ಇಡೋ ಚೀಲದ ಮಣ್ಣಲ್ಲೇ ಶಿಲೀಂಧ್ರ ಇದ್ರೆ ಲ್ಯಾಬಿನ ಶ್ರಮ ಎಲ್ಲ ನೀರಲ್ಲಿ ಹೋಮ. ಶುರುವಿನಲ್ಲಿ ಈ ಗಿಡಗಳು ಕಂದಿಗಿಂತ ಸೂಕ್ಷ್ಮ ಬೇರೆ.

ಈಗ ರೋಗ ಇರೋ ಗಿಡದ ಕಂದು ಒಂದೂ ಬೇರೆ ಕಡೆ ನೆಡಬೇಡಿ, ಆ ಸಾಲಿನ ನೀರು ಪಕ್ಕದ ಸಾಲಿಗೆ ಹರೀಬಾರ್ದು, ಗುದ್ದಲಿ, ಚಪ್ಪಲಿಗೆ ಅಂಟಿದ ಮಣ್ಣು ಅಲ್ಲೇ ತೊಳೀರಿ. ಮುಂದಿನ ಸಲ ಅದೇ ಜಾಗಕ್ಕೆ ಬಾಳೆ ಹಾಕಲೇಬೇಕು ಅಂದ್ರೆ ಈ ರೋಗ ತಡೆಯೋ ತಳಿನೇ ಹುಡುಕಿ.